ಬೀಟ್ ಒಬ್ಬರದು, ವರ್ಸ್ ಇನ್ನೊಬ್ಬರದು: ರಾಯಲ್ಟಿ ಪಾಲು ಹಾಕೋದು ಹೇಗೆ?

ಖಾಲಿ_ವರ್ಸ್:

ಹಾಡು ಬಿಡುಗಡೆಗೆ ರೆಡಿ ಇದೆ, ಪಾಲಿನ ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ಬೀಟ್ (ಮಾತಿನ ಹಿಂದೆ ಕೇಳಿಸೋ ಸಂಗೀತ) ಮಾಡಿದ್ದು ಒಬ್ಬ ಪ್ರೊಡ್ಯೂಸರ್. ಬೀಟ್ ಒಳಗಿನ ಪಿಯಾನೋ ಲೂಪ್ (ಮತ್ತೆ ಮತ್ತೆ ಸುತ್ತೋ ತುಣುಕು) ಬೇರೆಯವರು ಕಳಿಸಿದ್ದು. ಎರಡು ವರ್ಸ್ (ಚರಣ) ಮುಖ್ಯ ರ‍್ಯಾಪರ್‌ದು, ಮೂರನೇ ವರ್ಸ್ ಅತಿಥಿ ರ‍್ಯಾಪರ್‌ದು, ಹುಕ್ (ಪಲ್ಲವಿ) ಬರೆದು ಹಾಡಿದ್ದು ಒಬ್ಬ ಗಾಯಕಿ. ಪ್ರೊಡ್ಯೂಸರ್ "ನಂಗೆ ಐವತ್ತು ಪರ್ಸೆಂಟ್" ಅಂತಾನೆ. ಮುಖ್ಯ ರ‍್ಯಾಪರ್ "ಬೀಟ್‌ಗೆ ಆಗಲೇ ದುಡ್ಡು ಕೊಟ್ಟಾಗಿದೆ, ಇನ್ಯಾವ ಐವತ್ತು?" ಅಂತಾನೆ. ಹಾಡನ್ನ ಸ್ಟ್ರೀಮಿಂಗ್ ಸೇವೆಗಳಿಗೆ ತಲುಪಿಸೋ ಡಿಸ್ಟ್ರಿಬ್ಯೂಟರ್ ಸೈಟಿನಲ್ಲಿ ಸ್ಪ್ಲಿಟ್ (ಯಾರಿಗೆ ಎಷ್ಟು ಪಾಲು) ತುಂಬೋ ಜಾಗ ಇದೆ. ಅಲ್ಲಿ ತುಂಬಿದರೆ ಕೆಲಸ ಮುಗೀತಾ? ಇದಕ್ಕೆ ಕಾನೂನಿನಲ್ಲಿ ಲೆಕ್ಕ ಇದೆಯಾ, ಇಲ್ಲಾ ಎಲ್ಲಾ ಬಾಯಿಮಾತಾ?

ತಾಳೆಪಟ್ಟಿ:

ಇಬ್ಬರೂ ಬೇರೆ ಬೇರೆ ದುಡ್ಡಿನ ಬಗ್ಗೆ ಮಾತಾಡ್ತಿದ್ದಾರೆ, ಜಗಳದ ಮೂಲ ಅದೇ. ಒಂದು ಹಾಡಿನಲ್ಲಿ ಎರಡು ಹಕ್ಕು ಇರುತ್ತವೆ. ಒಂದು ಕೃತಿಯ ಹಕ್ಕು: ಸಾಹಿತ್ಯ ಮತ್ತು ಸಂಗೀತ. ಉದ್ಯಮದಲ್ಲಿ ಇದನ್ನೇ ಪಬ್ಲಿಶಿಂಗ್ ಅಂತ ಕರೆಯೋದು. ಇನ್ನೊಂದು ಮಾಸ್ಟರ್: ಆ ಹಾಡಿನ ಈ ಒಂದು ಧ್ವನಿಮುದ್ರಣದ ಹಕ್ಕು. ನಾಳೆ ಬೇರೆಯವರು ಅದೇ ಹಾಡನ್ನು ಹೊಸದಾಗಿ ರೆಕಾರ್ಡ್ ಮಾಡಿದರೆ ಮಾಸ್ಟರ್ ಅವರದು, ಪಬ್ಲಿಶಿಂಗ್ ಮಾತ್ರ ನಿಮ್ಮ ಐದು ಜನರದ್ದೇ.

ಡಿಸ್ಟ್ರಿಬ್ಯೂಟರ್ ಸೈಟಿನ ಸ್ಪ್ಲಿಟ್ ಮಾಸ್ಟರ್ ದುಡ್ಡಿಗೆ ಮಾತ್ರ. ಅಲ್ಲಿ 50 ಅಂತ ತುಂಬಿದರೆ ಪಬ್ಲಿಶಿಂಗ್ ಕಡೆ ಒಂದು ಕಾಸೂ ಅಲುಗಲ್ಲ. ಪಬ್ಲಿಶಿಂಗ್ ದುಡ್ಡು ಬರೋ ದಾರಿಯೇ ಬೇರೆ. ಹಾಡನ್ನು ಸಾರ್ವಜನಿಕವಾಗಿ ನುಡಿಸಿದ್ದಕ್ಕೆ, ಪ್ರಸಾರ ಮಾಡಿದ್ದಕ್ಕೆ ಸಿಗುವ ಪ್ರದರ್ಶನದ ರಾಯಲ್ಟಿ ಅಮೆರಿಕದ ಆಸ್ಕ್ಯಾಪ್, ಬಿಎಂಐ, ಬ್ರಿಟನ್‌ನ ಪಿಆರ್‌ಎಸ್, ಭಾರತದ ಐಪಿಆರ್‌ಎಸ್‌ನಂಥ ಸೊಸೈಟಿಗಳ ಮೂಲಕ ಬರುತ್ತದೆ. ಅಮೆರಿಕದ ಸ್ಟ್ರೀಮಿಂಗ್‌ನ ಮೆಕ್ಯಾನಿಕಲ್ ರಾಯಲ್ಟಿಯನ್ನು (ಕೃತಿಯ ಪ್ರತಿ ಮಾಡಿದ್ದಕ್ಕೆ ಸಿಗುವ ದುಡ್ಡು) 2021ರ ಜನವರಿಯಿಂದ ಎಂಎಲ್‌ಸಿ (ಮೆಕ್ಯಾನಿಕಲ್ ಲೈಸೆನ್ಸಿಂಗ್ ಕಲೆಕ್ಟಿವ್) ಅನ್ನುವ ಸಂಸ್ಥೆ ಸಂಗ್ರಹಿಸುತ್ತದೆ. ಅಲ್ಲೆಲ್ಲ ಕೃತಿಯನ್ನು ಬೇರೆಯಾಗಿ ನೋಂದಾಯಿಸಬೇಕು.

ಪ್ರೊಡ್ಯೂಸರ್ ಕೇಳ್ತಿರೋ ಐವತ್ತು ಬಹುಶಃ ಪಬ್ಲಿಶಿಂಗ್‌ನದು, ಮತ್ತು ಅದು ರೂಢಿಯಲ್ಲಿರೋ ಲೆಕ್ಕವೇ. ರ‍್ಯಾಪ್‌ನಲ್ಲಿ ಸಂಗೀತಕ್ಕೆ ಅರ್ಧ, ಸಾಹಿತ್ಯಕ್ಕೆ ಅರ್ಧ. ಬೀಟ್‌ಗೆ ಕೊಟ್ಟ ದುಡ್ಡು ಬೀಟ್ ಮಾಡಿಕೊಟ್ಟ ಕೆಲಸದ ಶುಲ್ಕ ಅಥವಾ ಬಳಕೆಯ ಪರವಾನಗಿ. ಸಂಗೀತದ ಹಕ್ಕನ್ನೂ ಬರೆದುಕೊಡುತ್ತೇನೆ ಅಂತ ಸಹಿ ಹಾಕಿದ ಕಾಗದ ಇಲ್ಲದಿದ್ದರೆ ಆ ಪಾಲು ಅವನ ಹತ್ತಿರವೇ ಉಳಿಯುತ್ತದೆ.

ಇನ್ನು ಕಾನೂನು. ರೂಢಿ ಕಾನೂನಲ್ಲ. ಅಮೆರಿಕದಲ್ಲಿ ಜಂಟಿ ಕೃತಿಗೆ ಒಪ್ಪಂದ ಇಲ್ಲದಿದ್ದರೆ ಯಾರು ಎಷ್ಟು ಬರೆದರು ಅಂತ ಅಳೆಯುವುದಿಲ್ಲ, ತಲೆಗೆ ಸಮಪಾಲು. ಐವರನ್ನೂ ಸಹಕರ್ತೃಗಳು ಅಂತ ಒಪ್ಪಿಕೊಂಡರೆ ಒಬ್ಬೊಬ್ಬರಿಗೆ 20. ಅಂದರೆ ಐವತ್ತು ಅಂತ ಪಟ್ಟು ಹಿಡಿದವನಿಗೂ 20, ಹದಿನಾರು ಬಾರ್ (ತಾಳದ ಅಳತೆಯ ಸಾಲು) ಬರೆದ ಅತಿಥಿಗೂ 20. ಪ್ರೊಡ್ಯೂಸರ್‌ಗೆ ಕಾಗದ ಬೇಡ ಅನ್ನಿಸಿದರೆ ಈ ಲೆಕ್ಕ ಒಮ್ಮೆ ತೋರಿಸಿ, ತಾನೇ ಪೆನ್ನು ಹುಡುಕುತ್ತಾನೆ.

ಸಾಹಿತ್ಯದ 50ನ್ನು ಒಳಗೆ ಹಂಚೋದೇ ನಿಜವಾದ ತಲೆನೋವು. ಬಾರ್ ಎಣಿಸುವ ಪದ್ಧತಿ ಇದೆ, ಆದರೆ ಹುಕ್ ಹೇಗೆ ಎಣಿಸ್ತೀರಿ ಅನ್ನೋದರ ಮೇಲೆ ಉತ್ತರ ಬದಲಾಗುತ್ತದೆ. ಮೂರು ವರ್ಸ್, ತಲಾ 16 ಬಾರ್. ಹುಕ್ 8 ಬಾರ್, ಹಾಡಿನಲ್ಲಿ ಮೂರು ಸಲ ಬರುತ್ತದೆ ಅಂತ ಇಟ್ಟುಕೊಳ್ಳಿ. ಹುಕ್ ಬರೆದದ್ದು ಒಂದೇ ಸಲ ಅಂತ ಎಣಿಸಿದರೆ ಒಟ್ಟು 56 ಬಾರ್: ಮುಖ್ಯ ರ‍್ಯಾಪರ್‌ಗೆ 28.57, ಅತಿಥಿಗೆ 14.29, ಗಾಯಕಿಗೆ 7.14. ಕೇಳಿಸುವಷ್ಟು ಸಲ ಎಣಿಸಿದರೆ 72 ಬಾರ್: ಮುಖ್ಯ ರ‍್ಯಾಪರ್‌ಗೆ 22.22, ಅತಿಥಿಗೆ 11.11, ಗಾಯಕಿಗೆ 16.67. ಅದೇ ಎಂಟು ಬಾರ್, ಪಾಲು ಎರಡು ಪಟ್ಟಿಗೂ ಹೆಚ್ಚು. ಗಾಯಕಿ ಹುಕ್‌ನ ರಾಗವನ್ನೂ ತಾನೇ ಕಟ್ಟಿದ್ದರೆ ಸಂಗೀತದ ಅರ್ಧದಲ್ಲೂ ಪಾಲು ಕೇಳುವ ಹಕ್ಕಿದೆ, ಯಾಕಂದರೆ ರಾಗ ಸಾಹಿತ್ಯ ಅಲ್ಲ. ಇದನ್ನು ಪ್ರೊಡ್ಯೂಸರ್‌ಗಳು ಕೇಳಿಸಿಕೊಳ್ಳೋದು ಕಮ್ಮಿ.

ನನ್ನನ್ನು ಕೇಳಿದರೆ ಎರಡು ಲೆಕ್ಕದ ನಡುವೆ ನಿಲ್ಲಿ. ಮುಖ್ಯ ರ‍್ಯಾಪರ್ 25, ಅತಿಥಿ 12.5, ಗಾಯಕಿ 12.5, ಪ್ರೊಡ್ಯೂಸರ್ 30, ಲೂಪ್ ಕಳಿಸಿದವರು 20. ಲೂಪೇ ಬೀಟಿನ ಜೀವ ಆಗಿದ್ದರೆ ಕೊನೆಯ ಎರಡು 25–25 ಮಾಡಿ.

808ಕಿವಿ:

ತಾಳೆಪಟ್ಟಿ ಪಬ್ಲಿಶಿಂಗ್ ಸರಿಯಾಗಿ ಹೇಳಿದ್ದಾರೆ. ಮಾಸ್ಟರ್ ಕಡೆ ನಾನು ಹೇಳ್ತೀನಿ, ಪ್ರೊಡ್ಯೂಸರ್‌ಗಳು ಜಾಸ್ತಿ ಕಳ್ಕೊಳ್ಳೋದು ಅಲ್ಲೇ.

ಲೇಬಲ್ ಇದ್ದರೆ ಪ್ರೊಡ್ಯೂಸರ್‌ಗೆ ಮಾಸ್ಟರ್‌ನಲ್ಲಿ ಸಿಗೋದು "ಪಾಯಿಂಟ್ಸ್". ಒಂದು ಪಾಯಿಂಟ್ ಅಂದ್ರೆ ರಾಯಲ್ಟಿ ಲೆಕ್ಕ ಹಾಕೋ ಮೂಲ ಮೊತ್ತದ ಶೇ. 1. ಸಾಮಾನ್ಯವಾಗಿ 3ರಿಂದ 4, ಹೆಸರಿದ್ದವರಿಗೆ ಜಾಸ್ತಿ. ಇದು ಲೇಬಲ್ ಜೇಬಿಂದ ಬರಲ್ಲ, ಕಲಾವಿದನ ದರದೊಳಗಿಂದ ಹೋಗತ್ತೆ. ರ‍್ಯಾಪರ್‌ದು "ಆಲ್-ಇನ್" (ಪ್ರೊಡ್ಯೂಸರ್ ಪಾಲೂ ಸೇರಿ) 18 ಅಂತಿದ್ದು ಪ್ರೊಡ್ಯೂಸರ್‌ಗೆ 3 ಕೊಟ್ಟರೆ ರ‍್ಯಾಪರ್‌ಗೆ ಉಳಿಯೋದು 15.

ಎಡವಟ್ಟಾಗೋದು ವಸೂಲಿಯಲ್ಲಿ, ಅಂದ್ರೆ ಲೇಬಲ್ ತಾನು ಹಾಕಿದ ದುಡ್ಡನ್ನ ಕಲಾವಿದನ ರಾಯಲ್ಟಿಯಿಂದ ಮುರಿದುಕೊಳ್ಳೋದ್ರಲ್ಲಿ. ಲೆಕ್ಕ ನೋಡು ಗುರು, ಯಾವ ಕರೆನ್ಸಿ ಆದ್ರೂ ಸರಿ. ಮೂಲ ಮೊತ್ತ 10 ಲಕ್ಷ. ರೆಕಾರ್ಡಿಂಗ್ ಖರ್ಚು 60 ಸಾವಿರ. ಕಲಾವಿದನ ಅಡ್ವಾನ್ಸು, ವಿಡಿಯೋ ಎಲ್ಲ ಸೇರಿ ಅವನ ಖಾತೆಯಲ್ಲಿ ಒಟ್ಟು ಬಾಕಿ ಎರಡೂವರೆ ಲಕ್ಷ. ಪ್ರೊಡ್ಯೂಸರ್ ತಗೊಂಡಿದ್ದ ಅಡ್ವಾನ್ಸ್ 10 ಸಾವಿರ. ಪ್ರೊಡ್ಯೂಸರ್ ಕರಾರು ಮಾಮೂಲಿಯಾಗಿ ಹೇಳೋದು: ರೆಕಾರ್ಡಿಂಗ್ ಖರ್ಚು ಕಲಾವಿದನ ನಿವ್ವಳ ದರದಲ್ಲಿ ವಸೂಲಾದ ಕೂಡಲೇ, ಮೊದಲನೇ ಪ್ರತಿಯಿಂದ ಲೆಕ್ಕ ಹಾಕಿ ಕೊಡಬೇಕು. 10 ಲಕ್ಷದ ಶೇ. 15 ಅಂದ್ರೆ ಒಂದೂವರೆ ಲಕ್ಷ, 60 ಸಾವಿರ ಯಾವಾಗಲೋ ವಸೂಲಾಯ್ತು. ಆಗ ಪ್ರೊಡ್ಯೂಸರ್‌ಗೆ 10 ಲಕ್ಷದ ಶೇ. 3, ಅಂದ್ರೆ 30 ಸಾವಿರ. ಅಡ್ವಾನ್ಸ್ ಕಳೆದು ಕೈಗೆ 20 ಸಾವಿರ. ಆದ್ರೆ ರ‍್ಯಾಪರ್ ಖಾತೆ? ಎರಡೂವರೆ ಲಕ್ಷಕ್ಕೆ ಒಂದೂವರೆ ಜಮಾ, ಇನ್ನೂ ಒಂದು ಲಕ್ಷ ಬಾಕಿ. ಅವನಿಗೆ ಲೇಬಲ್‌ನಿಂದ ಸೊನ್ನೆ. ಕೈಯಲ್ಲಿ ಕಾಸಿಲ್ಲ, ಪ್ರೊಡ್ಯೂಸರ್‌ಗೆ ಮಾತ್ರ 20 ಸಾವಿರ ಸಾಲ.

ಅದಕ್ಕೇ ಪ್ರೊಡ್ಯೂಸರ್ ಆದವನು "ಲೆಟರ್ ಆಫ್ ಡೈರೆಕ್ಷನ್" ಬರೆಸಿಕೊಳ್ಳಬೇಕು. ನನ್ನ ಪಾಲಿಂದ ಇಷ್ಟನ್ನು ಇವರಿಗೆ ನೇರ ಕೊಡಿ ಅಂತ ಕಲಾವಿದ ಲೇಬಲ್‌ಗೆ ಬರೆಯೋ ಪತ್ರ ಅದು. ಸೌಂಡ್‌ಎಕ್ಸ್‌ಚೇಂಜ್‌ಗೆ ಇನ್ನೊಂದು ಪತ್ರ ಬೇರೆ ಬೇಕು. ಅಮೆರಿಕದ ಡಿಜಿಟಲ್ ರೇಡಿಯೋ ದುಡ್ಡು ಅಲ್ಲಿ ಹೀಗೆ ಹೋಗತ್ತೆ: ಮಾಸ್ಟರ್ ಮಾಲೀಕರಿಗೆ 50, ಮುಖ್ಯ ಕಲಾವಿದರಿಗೆ 45, ಹಿನ್ನೆಲೆ ವಾದಕ ಗಾಯಕರ ನಿಧಿಗೆ 5. ಪ್ರೊಡ್ಯೂಸರ್ ಅನ್ನೋ ಕಾಲಮ್ಮೇ ಇಲ್ಲ. ಆ 45ರಲ್ಲಿ ಕಲಾವಿದ ಬರೆದುಕೊಟ್ಟಷ್ಟು ಸಿಗತ್ತೆ. 2018ರ ಮ್ಯೂಸಿಕ್ ಮಾಡರ್ನೈಸೇಶನ್ ಕಾಯ್ದೆ ಈ ವ್ಯವಸ್ಥೆಯನ್ನ ಕಾನೂನಿನೊಳಗೆ ತಂತು, ಆದ್ರೂ ಪತ್ರ ಇಲ್ಲದೆ ದುಡ್ಡಿಲ್ಲ.

ಲೇಬಲ್ ಇಲ್ಲದಿದ್ದರೆ ಪಾಯಿಂಟ್ಸ್ ಮಾತು ಬಿಡಿ, ಮಾಸ್ಟರ್‌ನ ನಿವ್ವಳದಲ್ಲಿ ಪಾಲು ಮಾತಾಡಿ. 20ರಿಂದ 50ರವರೆಗೂ ನಡೆಯತ್ತೆ. ಪೂರ್ತಿ ಶುಲ್ಕ ಮುಂಚೆ ಕೊಟ್ಟಿದ್ರೆ ಕೆಳಗೆ, ಪುಕ್ಕಟೆ ಮಾಡಿಕೊಟ್ಟಿದ್ರೆ ಮೇಲೆ. ಆದ್ರೆ "ನಿವ್ವಳ" ಅಂದ್ರೇನು ಅಂತ ಬರೀರಿ. ಡಿಸ್ಟ್ರಿಬ್ಯೂಟರ್ ಕಮಿಷನ್, ಮಿಕ್ಸಿಂಗ್, ಮಾಸ್ಟರಿಂಗ್ ಕಳೆಯೋದು ಸರಿ. ವಿಡಿಯೋ, ಜಾಹೀರಾತಿಗೆ ಮಿತಿ ಹಾಕದಿದ್ರೆ ನಿವ್ವಳ ಯಾವತ್ತೂ ಸೊನ್ನೆ ದಾಟಲ್ಲ.

ಒಂದು ಮುಖ್ಯ ಪ್ರಶ್ನೆ: ಬೀಟ್‌ಗೆ ದುಡ್ಡು ಕೊಟ್ಟಿದ್ದು ಲೀಸ್‌ಗಾ (ಬಾಡಿಗೆ), ಎಕ್ಸ್‌ಕ್ಲೂಸಿವ್‌ಗಾ (ನಿಮಗೊಬ್ಬರಿಗೇ)? ಲೀಸ್ ಆಗಿದ್ರೆ ಅದೇ ಬೀಟ್ ಇನ್ನೂ ನಾಲ್ಕು ಜನರ ಹತ್ರ ಇರತ್ತೆ. ಸ್ಟ್ರೀಮ್‌ಗೆ ಮಿತಿ ಇರತ್ತೆ, ಅವಧಿ ಇರತ್ತೆ. ಲೀಸ್ ಬೀಟ್ ಮೇಲೆ ಮಾಡಿದ ಹಾಡನ್ನ ಯೂಟ್ಯೂಬ್ ಕಂಟೆಂಟ್ ಐಡಿಗೆ (ಹಾಡನ್ನ ಬೇರೆ ವಿಡಿಯೋಗಳಲ್ಲಿ ತಾನಾಗೇ ಗುರುತಿಸಿ ಕ್ಲೇಮ್ ಹಾಕೋ ವ್ಯವಸ್ಥೆ) ಹಾಕಬೇಡಿ. ಹಾಕಿದ್ರೆ ಆ ಇನ್ನೂ ನಾಲ್ಕು ಜನರ ವಿಡಿಯೋಗಳ ಮೇಲೆ ನಿಮ್ಮ ಹೆಸರಲ್ಲಿ ಕ್ಲೇಮ್ ಬೀಳತ್ತೆ, ಅವರ ಕ್ಲೇಮ್ ನಿಮ್ಮ ಮೇಲೆ ಬೀಳತ್ತೆ, ಕೊನೆಗೆ ಡಿಸ್ಟ್ರಿಬ್ಯೂಟರ್ ಎಲ್ಲರದ್ದೂ ತೆಗೆದುಹಾಕ್ತಾನೆ. ಅಪ್‌ಲೋಡ್ ಮಾಡೋವಾಗ ಒಂದು ಟಿಕ್ ಬಾಕ್ಸ್ ಇರತ್ತಲ್ಲ, ನೋಡದೆ ಒತ್ತಿಬಿಡ್ತಾರೆ. ಮುಂದೆ ಎಕ್ಸ್‌ಕ್ಲೂಸಿವ್ ಕೊಂಡ್ರೂ ಮೊದಲೇ ಕೊಟ್ಟ ಲೀಸ್‌ಗಳು ಅವಧಿ ಮುಗಿಯೋವರೆಗೆ ಜೀವಂತ.

ಲೂಪ್ ವಿಷಯ. ಮಾರಾಟಕ್ಕಿರೋ ಲೂಪ್ ಪ್ಯಾಕ್‌ನಿಂದ ತಗೊಂಡ ರಾಯಲ್ಟಿ-ಫ್ರೀ ಲೂಪ್ ಆಗಿದ್ರೆ ಪಾಲು ಕೊಡೋದು ಬೇಡ, ಆದ್ರೆ ಕಂಟೆಂಟ್ ಐಡಿ ತೊಂದರೆ ಅಲ್ಲೂ ಅಷ್ಟೇ. ವ್ಯಕ್ತಿಯೊಬ್ಬರು ಕಳಿಸಿದ್ದಾಗಿದ್ರೆ ಸಂಗೀತದ ಅರ್ಧದಲ್ಲಿ ಅರ್ಧ ಕೇಳೋದು ಮಾಮೂಲಿ, ಜೊತೆಗೆ ಅಡ್ವಾನ್ಸ್, ಪಾಯಿಂಟ್ಸ್‌ನಲ್ಲೂ ಕೇಳಬಹುದು. ಮಾಸ್ಟರ್‌ನಲ್ಲಿ ಅವರ ಪಾಲು ಪ್ರೊಡ್ಯೂಸರ್ ಪಾಲಿಂದ ಹೋಗಬೇಕು, ರ‍್ಯಾಪರ್ ತಲೆಗೆ ಬರಬಾರದು.

ಖಾಲಿ_ವರ್ಸ್:

ಕೊಟ್ಟಿದ್ದು ಎಕ್ಸ್‌ಕ್ಲೂಸಿವ್‌ಗೆ. ರಸೀದಿಯಲ್ಲಿ "ವರ್ಕ್ ಫಾರ್ ಹೈರ್" (ಮಾಡಿಸಿದವನೇ ಮಾಲೀಕ ಅನ್ನೋ ಅರ್ಥ) ಅಂತ ಒಂದು ಸಾಲು ಇದೆ, ಅದಕ್ಕೇ ಮುಖ್ಯ ರ‍್ಯಾಪರ್ ಎಲ್ಲಾ ತನ್ನದೇ ಅಂತಿರೋದು. ಇನ್ನೊಂದು: ಪಿಯಾನೋ ಲೂಪ್ ಕಳಿಸಿದವರು ಈಗ ಹೇಳ್ತಿದ್ದಾರೆ, ಅದು ಪೂರ್ತಿ ಅವರದ್ದಲ್ಲ, ಹಳೇ ರೆಕಾರ್ಡ್‌ನ ತುಣುಕನ್ನ ಪಿಚ್ ಬದಲಿಸಿ ಮಾಡಿದ್ದಂತೆ.

ಕರಾರುಪತ್ರ:

ಹಾಗಾದರೆ ಬಿಡುಗಡೆ ನಿಲ್ಲಿಸಿ. ಶೇಕಡಾವಾರು ಲೆಕ್ಕ ಆಮೇಲೆ.

ಬೇರೆ ರೆಕಾರ್ಡ್‌ನಿಂದ ತೆಗೆದ ಇಂಥ ತುಣುಕಿಗೆ, ಅಂದರೆ ಸ್ಯಾಂಪಲ್‌ಗೆ, ಎರಡು ಅನುಮತಿ ಬೇಕು: ಆ ರೆಕಾರ್ಡಿಂಗ್‌ನ ಮಾಲೀಕರಿಂದ ಒಂದು, ಆ ಕೃತಿಯ ಪಬ್ಲಿಷರ್‌ನಿಂದ (ಬರೆದವರ ಪರ ಕೃತಿಯ ಹಕ್ಕು ನೋಡಿಕೊಳ್ಳುವವರು) ಇನ್ನೊಂದು. ಪಿಚ್ ಬದಲಿಸಿದ್ದು, ತಿರುಗುಮುರುಗು ಮಾಡಿದ್ದು ರಕ್ಷಣೆಯಲ್ಲ. 1991ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ ಅನುಮತಿಯಿಲ್ಲದ ಸ್ಯಾಂಪಲ್ ಇದ್ದ ರ‍್ಯಾಪ್ ಹಾಡಿನ ಮಾರಾಟವನ್ನೇ ತಡೆದ ಮೇಲೆ, ಬಿಡುಗಡೆಗೆ ಮೊದಲೇ ಅನುಮತಿ ಪಡೆಯೋದು ಉದ್ಯಮದಲ್ಲಿ ನಿಯಮವೇ ಆಯಿತು. ತೀರಾ ಚಿಕ್ಕ ತುಣುಕಿನ ಬಗ್ಗೆ ಅಮೆರಿಕದ ಮೇಲ್ಮನವಿ ನ್ಯಾಯಾಲಯಗಳೇ ಒಮ್ಮತಕ್ಕೆ ಬಂದಿಲ್ಲ. 2005ರಲ್ಲಿ ಆರನೇ ಸರ್ಕಿಟ್ ಎಷ್ಟು ಚಿಕ್ಕದಾದರೂ ಪರವಾನಗಿ ಬೇಕು ಅಂದಿತು, 2016ರಲ್ಲಿ ಒಂಬತ್ತನೇ ಸರ್ಕಿಟ್ ಅದನ್ನು ಒಪ್ಪಲಿಲ್ಲ. ನಿಮ್ಮದು ಹಾಡಿನುದ್ದಕ್ಕೂ ಸುತ್ತುವ ಲೂಪ್, ಈ ಚರ್ಚೆ ನಿಮಗೆ ನೆರವಾಗಲ್ಲ.

ಒಂದು ಅಡ್ಡದಾರಿ ಇದೆ, ಅದು ಕಾನೂನುಬದ್ಧವೇ. ಆ ಸ್ವರಗಳನ್ನು ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರೆ ಮಾಸ್ಟರ್ ಅನುಮತಿ ಬೇಡ, ಪಬ್ಲಿಷರ್ ಅನುಮತಿ ಸಾಕು. ಒಬ್ಬ ಮಾಲೀಕರ ಜೊತೆಗಿನ ಚೌಕಾಸಿ ತಪ್ಪುತ್ತದೆ. ಇನ್ನೂ ಸುಲಭದ್ದು, ಆ ಪಿಯಾನೋವನ್ನೇ ತೆಗೆದು ಬೇರೆ ಬರೆಯುವುದು.

ಅನುಮತಿ ಪಡೆಯುವುದೇ ಆದರೆ, ಮೂಲ ಪಬ್ಲಿಷರ್ ಹೊಸ ಹಾಡಿನ ಪಬ್ಲಿಶಿಂಗ್‌ನಲ್ಲಿ ಪಾಲು ಕೇಳುತ್ತಾರೆ. ಎಷ್ಟು ಬೇಕಾದರೂ ಕೇಳಬಹುದು, ಪೂರ್ತಿಯನ್ನೂ ಕೇಳಬಹುದು. ಈ ಪಾಲು ಯಾರ ತಟ್ಟೆಯಿಂದ ಹೋಗುತ್ತದೆ ಅನ್ನೋದನ್ನು ಮೊದಲೇ ಬರೆದಿಡಿ. ಅವರು 40 ಕೇಳಿದರು ಅಂದುಕೊಳ್ಳಿ. ಮೇಲಿನಿಂದಲೇ ತೆಗೆದರೆ ಉಳಿದ 60ರಲ್ಲಿ ಸಂಗೀತಕ್ಕೆ 30, ಸಾಹಿತ್ಯಕ್ಕೆ 30. ಸ್ಯಾಂಪಲ್ ತಂದವರೇ ಹೊರಬೇಕು ಅಂದರೆ ಸಂಗೀತಕ್ಕೆ 10, ಸಾಹಿತ್ಯಕ್ಕೆ 50. ರ‍್ಯಾಪರ್‌ಗೆ ಸ್ಯಾಂಪಲ್ ಇದೆ ಅಂತ ಗೊತ್ತಿದ್ದೇ ಬರೆದಿದ್ದರೆ ಮೊದಲನೆಯದು ನ್ಯಾಯ. ಮುಚ್ಚಿಟ್ಟಿದ್ದರೆ ಎರಡನೆಯದು. ನಿಮ್ಮಲ್ಲಿ ಮುಚ್ಚಿಟ್ಟಿದ್ದು ಲೂಪ್ ಕಳಿಸಿದವರು, ಆದ್ದರಿಂದ ಹೊರೆ ಮೊದಲು ಅವರ ಪಾಲಿನ ಮೇಲೆ ಬೀಳಬೇಕು.

"ವರ್ಕ್ ಫಾರ್ ಹೈರ್" ಅಂತ ರಸೀದಿಯಲ್ಲಿ ಅಚ್ಚಾದ ಮಾತ್ರಕ್ಕೆ ಆಗಿಬಿಡುವುದಿಲ್ಲ. ಅಮೆರಿಕದ ಕಾನೂನಿನಲ್ಲಿ ಸಂಬಳದ ನೌಕರನಲ್ಲದವನ ಕೆಲಸ ಹಾಗೆ ಆಗಬೇಕಾದರೆ ಕಾಯ್ದೆ ಹೆಸರಿಸಿದ ಒಂಬತ್ತು ಬಗೆಗಳಲ್ಲಿ ಒಂದಕ್ಕೆ ಸೇರಬೇಕು, ಎರಡೂ ಕಡೆಯವರ ಸಹಿಯ ಬರಹ ಇರಬೇಕು. ಧ್ವನಿಮುದ್ರಣ ಆ ಪಟ್ಟಿಯಲ್ಲಿಲ್ಲ. 1999ರಲ್ಲಿ ಸೇರಿಸಿದ್ದರು, ಕಲಾವಿದರ ಪ್ರತಿಭಟನೆಯ ನಂತರ 2000ದಲ್ಲಿ ತೆಗೆದರು. ಅದಕ್ಕೇ ತಿಳಿದವರು ಬರೆದ ಕರಾರಿನಲ್ಲಿ "ಹಾಗೆ ಆಗದಿದ್ದ ಪಕ್ಷದಲ್ಲಿ ಹಕ್ಕನ್ನು ವರ್ಗಾಯಿಸಲಾಗಿದೆ" ಅನ್ನುವ ಎರಡನೇ ಸಾಲು ಇರುತ್ತದೆ. ನಿಮ್ಮ ರಸೀದಿಯಲ್ಲಿ ಆ ಸಾಲು, ಅದರ ಕೆಳಗೆ ಪ್ರೊಡ್ಯೂಸರ್ ಸಹಿ, ಕೃತಿ ಮತ್ತು ಮಾಸ್ಟರ್ ಎರಡರ ಉಲ್ಲೇಖ ಇದೆಯೇ ನೋಡಿ. ಬರೀ ಮಾಸ್ಟರ್ ಹೆಸರಿದ್ದರೆ ಪಬ್ಲಿಶಿಂಗ್ ಹೋಗಿಲ್ಲ.

ಪಬ್ಲಿಶಿಂಗ್ ಪಾಲು ಬರೆದಿಡುವ ಸ್ಪ್ಲಿಟ್ ಶೀಟ್ ಒಂದೇ ಪುಟ ಸಾಕು. ಹಾಡಿನ ಹೆಸರು, ಬದಲಾಗಿದ್ದರೆ ಹಳೆಯ ಹೆಸರೂ. ಪ್ರತಿಯೊಬ್ಬರ ದಾಖಲೆಯಲ್ಲಿರುವ ಹೆಸರು, ವೇದಿಕೆಯ ಹೆಸರಷ್ಟೇ ಸಾಲದು. ಸೊಸೈಟಿ ಯಾವುದು, ಐಪಿಐ ಸಂಖ್ಯೆ (ಬರಹಗಾರರನ್ನು ಗುರುತಿಸುವ ಸಂಖ್ಯೆ) ಎಷ್ಟು, ಪಬ್ಲಿಷರ್ ಇದ್ದಾರೆಯೇ. ಸಾಹಿತ್ಯವೋ ಸಂಗೀತವೋ ಎರಡೂವೋ. ಶೇಕಡಾ. ಸ್ಯಾಂಪಲ್ ಅಥವಾ ಹೊರಗಿನ ಲೂಪ್ ಇದೆಯೇ, ಇಲ್ಲವೇ. ದಿನಾಂಕ, ಐವರ ಸಹಿ. ಮೊತ್ತ ಸರಿಯಾಗಿ 100 ಆಗಬೇಕು. ಮೂವರಿಗೆ 33.33 ಬರೆದು 99.99ಕ್ಕೆ ನಿಲ್ಲಿಸಬೇಡಿ, ಒಬ್ಬರಿಗೆ 33.34 ಹಾಕಿ. ಮಾಸ್ಟರ್ ಪಾಲನ್ನು ಇದೇ ಹಾಳೆಯಲ್ಲಿ ಬೆರೆಸಬೇಡಿ, ಅದಕ್ಕೆ ಬೇರೆ ಕಾಗದ.

ನೋಂದಣಿಯಲ್ಲಿ ಆಗುವ ತಪ್ಪುಗಳು ಎರಡು ಬಗೆ. ಒಬ್ಬ 50 ಅಂತ ಹಾಕಿ, ಇನ್ನೊಬ್ಬ ತನ್ನ ಸೊಸೈಟಿಯಲ್ಲಿ 70 ಹಾಕಿದರೆ ಒಟ್ಟು 120 ಆಗುತ್ತದೆ, ತಕರಾರು ಬಗೆಹರಿಯುವವರೆಗೆ ದುಡ್ಡು ತಡೆಹಿಡಿಯಲ್ಪಡಬಹುದು. ಇನ್ನೊಂದು, ಬಿಎಂಐನ ಅಳತೆ. ಅಲ್ಲಿ ಬರಹಗಾರರ ಪಾಲು 100, ಪಬ್ಲಿಷರ್ ಪಾಲು 100, ಒಟ್ಟು 200. ಹಾಡಿನಲ್ಲಿ 30 ಇರುವವರು ಬರಹಗಾರರ ಅಂಕಣದಲ್ಲಿ 30 ಹಾಕಬೇಕು, ಪಬ್ಲಿಷರ್ ಇದ್ದರೆ ಆ ಅಂಕಣದಲ್ಲಿ ಇನ್ನೊಂದು 30. "ಅರ್ಧ ಬರಹಗಾರನಿಗೆ, ಅರ್ಧ ಪಬ್ಲಿಷರ್‌ಗೆ" ಅಂತ ಕೇಳಿಸಿಕೊಂಡು 15, 15 ಹಾಕಿದರೆ ಪಾಲು ಅರ್ಧಕ್ಕಿಳಿಯಿತು.

ಎಂಎಲ್‌ಸಿಗೆ ಹೋಗುವಾಗ ಐಎಸ್‌ಆರ್‌ಸಿ ಕೊಡುವುದನ್ನು ಮರೆಯಬೇಡಿ. ಅದು ರೆಕಾರ್ಡಿಂಗ್‌ನ 12 ಅಕ್ಷರದ ಸಂಕೇತ, ಡಿಸ್ಟ್ರಿಬ್ಯೂಟರ್ ಹತ್ತಿರ ಸಿಗುತ್ತದೆ. ಕೃತಿಗೂ ರೆಕಾರ್ಡಿಂಗ್‌ಗೂ ನಂಟು ಬೀಳುವುದು ಮುಖ್ಯವಾಗಿ ಅದರಿಂದ. ಹೀಗೆ ನಂಟು ಬೀಳದೆ ವರ್ಷಗಟ್ಟಲೆ ಉಳಿದಿದ್ದ ದುಡ್ಡನ್ನು 2021ರ ಫೆಬ್ರವರಿಯಲ್ಲಿ ಸ್ಟ್ರೀಮಿಂಗ್ ಕಂಪನಿಗಳು ಎಂಎಲ್‌ಸಿಗೆ ಒಪ್ಪಿಸಿದಾಗ ಮೊತ್ತ 42 ಕೋಟಿ ಡಾಲರ್ ದಾಟಿತ್ತು.

ಹದಿನೇಳನೇ_ಬಾರ್:

ಬಾರ್ ಎಣಿಸೋ ಲೆಕ್ಕಕ್ಕೆ ನನ್ನ ವಿರೋಧ ಇದೆ. ಎಣಿಸ್ತಾರೆ ಅಂತ ಗೊತ್ತಾದ ದಿನದಿಂದ ಜನ ಬೇಡದ ನಾಲ್ಕು ಸಾಲು ಸೇರಿಸ್ತಾರೆ. ಒಟ್ಟಿಗೆ ಕೂತು ಮಾಡಿದ ಹಾಡಾದ್ರೆ ಸಾಹಿತ್ಯದ ಅರ್ಧನ ತಲೆಗೆ ಸಮ ಮಾಡಿ: 16.67, 16.67, 16.66. ಮುಖ್ಯ ರ‍್ಯಾಪರ್‌ಗೆ ಅನ್ಯಾಯ ಅನ್ನಿಸಿದ್ರೆ ಮಾಸ್ಟರ್‌ನಲ್ಲಿ ಸರಿದೂಗಿಸಿ, ಹೇಗೂ ಮಾಸ್ಟರ್ ಅವನದ್ದೇ. ಸ್ಟ್ರೀಮಿಂಗ್‌ನಲ್ಲಿ ಮಾಸ್ಟರ್‌ಗೆ ಹೋಗೋದು ಪಬ್ಲಿಶಿಂಗ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಅಮೆರಿಕದಲ್ಲಿ 2023ರಿಂದ 2027ರ ಅವಧಿಗೆ ಪಬ್ಲಿಶಿಂಗ್‌ಗೆ ನಿಗದಿಯಾದ ಮುಖ್ಯ ದರ ಸೇವೆಯ ಆದಾಯದ ಶೇ. 15.1ರಿಂದ ಶುರುವಾಗಿ 15.35ಕ್ಕೆ ನಿಲ್ಲತ್ತೆ. ಹಾಗಾಗಿ ಪಬ್ಲಿಶಿಂಗ್‌ನ 2 ಪರ್ಸೆಂಟ್‌ಗೆ ತಿಂಗಳುಗಟ್ಟಲೆ ಮುನಿಸಿಕೊಳ್ಳೋದು ದಡ್ಡತನ.

ಇನ್ನೊಂದು, ಸಿನಿಮಾ ಅಥವಾ ಜಾಹೀರಾತಿಗೆ ಹಾಡು ಕೇಳಿದಾಗ ಏನಾಗತ್ತೆ ಯೋಚಿಸಿ. ಅಮೆರಿಕದ ಕಾನೂನಿನಲ್ಲಿ ಒಬ್ಬ ಸಹಮಾಲೀಕ ಒಬ್ಬನೇ ನಾನ್-ಎಕ್ಸ್‌ಕ್ಲೂಸಿವ್ ಪರವಾನಗಿ ಕೊಡಬಹುದು, ಉಳಿದವರಿಗೆ ಅವರ ಪಾಲು ಲೆಕ್ಕ ಕೊಟ್ಟರೆ ಆಯ್ತು. ಬ್ರಿಟನ್‌ನಲ್ಲಿ ಎಲ್ಲರ ಒಪ್ಪಿಗೆ ಬೇಕು. ಕಾನೂನು ಹೇಗೇ ಇರಲಿ, ಹಾಡು ಕೊಳ್ಳೋರು ಎಲ್ಲಾ ಕಡೆ ಎಲ್ಲರ ಸಹಿ ಕೇಳ್ತಾರೆ. 12.5 ಇರೋನು ಫೋನ್ ಎತ್ತದಿದ್ರೆ ಡೀಲ್ ಹೋಯ್ತು. ಇಂಥವರು ಎಲ್ಲರ ಪರ ಸಹಿ ಹಾಕಬಹುದು, ಇಂಥ ಬಳಕೆಗೆ ಬೇಡ ಅಂತ ಸ್ಪ್ಲಿಟ್ ಶೀಟಲ್ಲೇ ಒಂದು ಸಾಲು ಸೇರಿಸಿ.

ತಾಳೆಪಟ್ಟಿ:

ಸಹಿಯ ಸಾಲಿನ ಮಾತು ಒಪ್ಪಿದೆ. ಸಮಪಾಲು ಒಟ್ಟಿಗೆ ಕೂತು ಬರೆದವರಿಗೆ ಸರಿ. ವರ್ಸ್‌ನ ಫೈಲ್ ಮಾಡಿ ಕಳಿಸಿ ಶುಲ್ಕವನ್ನೂ ತೆಗೆದುಕೊಂಡ ಅತಿಥಿಗೆ 16.67 ಹೆಚ್ಚಾಯಿತು ಅಂತಲೇ ನನ್ನ ಅಭಿಪ್ರಾಯ.

ಖಾಲಿ_ವರ್ಸ್:

ರಸೀದಿ ನೋಡಿದೆ. ಮಾಸ್ಟರ್ ಅಂತ ಮಾತ್ರ ಇದೆ, ಪ್ರೊಡ್ಯೂಸರ್ ಸಹಿ ಇಲ್ಲ. ಪಿಯಾನೋ ತೆಗೆದು ಬೇರೆ ನುಡಿಸೋದು ಅಂತ ತೀರ್ಮಾನ ಆಗಿದೆ. ಮಿಕ್ಸ್ ಎಂಜಿನಿಯರ್ ಕೂಡ ಪಬ್ಲಿಶಿಂಗ್ ಕೇಳ್ತಿದ್ದಾನೆ. ಮತ್ತೆ, ಮುಂದೆ ರೀಮಿಕ್ಸ್‌ಗೆ ಹೊಸ ವರ್ಸ್ ಬಂದ್ರೆ ಈ ಶೀಟ್ ಬದಲಾಗತ್ತಾ?

808ಕಿವಿ:

ಮಿಕ್ಸಿಂಗ್‌ಗೆ ಪಬ್ಲಿಶಿಂಗ್ ಇಲ್ಲ. ಶುಲ್ಕ ಕೊಡಿ, ದೊಡ್ಡ ಹೆಸರಾದ್ರೆ ಮಾಸ್ಟರ್‌ನಲ್ಲಿ ಒಂದು ಪಾಯಿಂಟ್ ಕೇಳ್ತಾರೆ, ಅದು ಮಾತಾಡ್ಕೊಂಡು ಮಾಡೋದು. 808 ಲೈನ್ (ಬೀಟ್‌ನ ಬೇಸ್) ಹೊಸದಾಗಿ ನುಡಿಸಿದ್ದಾನೆ, ಸ್ವರ ಬದಲಿಸಿದ್ದಾನೆ ಅಂದ್ರೆ ಮಾತ್ರ ಸಂಗೀತದ ಅರ್ಧದಲ್ಲಿ ಕೇಳೋಕೆ ದಾರಿ ಇದೆ. ಪಿಯಾನೋ ತೆಗೆದ ಮೇಲೆ ಲೂಪ್‌ನವರ 20 ಪ್ರೊಡ್ಯೂಸರ್‌ಗೆ ವಾಪಸ್, ಆದ್ರೆ ಹೊಸ ಪಿಯಾನೋ ಸ್ವರ ಹಳೇದರ ನೆರಳಾಗದಂತೆ ನೋಡ್ಕೊಳ್ಳಿ. ಅದೇ ಸ್ವರಗಳನ್ನೇ ನುಡಿಸಿದ್ರೆ ಪಬ್ಲಿಷರ್ ಅನುಮತಿ ಮತ್ತೆ ಬೇಕಾಗತ್ತೆ.

ಕರಾರುಪತ್ರ:

ರೀಮಿಕ್ಸ್‌ಗೆ ಬೇರೆ ಶೀಟ್, ಬೇರೆ ನೋಂದಣಿ, ಬೇರೆ ಐಎಸ್‌ಆರ್‌ಸಿ. ಮೂಲ ಹಾಡಿನ ಪಾಲು ಹಾಗೆಯೇ ಇರುತ್ತದೆ. ಹೊಸ ವರ್ಸ್ ಬರೆದವರಿಗೆ ಕೊಡುವ ಪಾಲು ರೀಮಿಕ್ಸ್ ಹೆಸರಿನಲ್ಲಿ ನೋಂದಾಯಿಸಿದ ಕೃತಿಯಿಂದ ಮಾತ್ರ. ಅವರು ಮೂಲದ ಮೇಲೆ ಕ್ಲೇಮ್ ಹಾಕದಂತೆ ಶೀಟ್‌ನಲ್ಲಿ ಎರಡೂ ಆವೃತ್ತಿಯ ಹೆಸರು ಬರೆಯಿರಿ. ಲೂಪ್ ಕಳಿಸಿದವರಿಂದ "ಈ ಹಾಡಿನಲ್ಲಿ ನನ್ನ ಯಾವ ಹಕ್ಕೂ ಇಲ್ಲ" ಅಂತ ಸಹಿ ಹಾಕಿಸಿಕೊಂಡ ಮೇಲೆಯೇ ಹೊಸ ಫೈಲ್ ಅಪ್‌ಲೋಡ್ ಮಾಡಿ, ಹಳೆಯ ಬೀಟ್ ಇರುವ ಡೆಮೊ ಎಲ್ಲಾದರೂ ಹಾಕಿದ್ದರೆ ಅದನ್ನೂ ತೆಗೆಯಿರಿ.